ಅಳಿಸಿ ಬರೆಯುವ ತಟ್ಟೆಗಳೂ ಲಿನಕ್ಸ್ ಗಣಕವೂ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳಲ್ಲಿ ಹಾಡುವಳ್ಳಿ, ಗೇರುಸೊಪ್ಪೆ, ಮಿರ್ಜಾನ ಮೊದಲಾದ ಐತಿಹಾಸಿಕ ಸ್ಥಳಗಳಿವೆಯಷ್ಟೆ. ಈ ಸೀಮೆಯ ಶಿಲಾಶಾಸನಗಳ ಛಾಯಾಚಿತ್ರಗಳನ್ನು ನಾವು ಅಳಿಸಿ ಬರೆಯಬಹುದಾದ ತಟ್ಟೆಗಳಲ್ಲಿ ಇರಿಸುತ್ತ ಬಂದೆವು. ವಿಭಾಗದ ಗಣಕಗಳು ಲಿನಕ್ಸ್ ವ್ಯವಸ್ಥೆಗೆ ಬದಲಾದ ಮೇಲೆ ಈ ತಟ್ಟೆಗಳು ನಮಗೆ ಒಲಿಯಲಿಲ್ಲ. ಆ ತೊಡಕು ಬಿಡಿಸಿದ ಬಗೆಯನ್ನು ಸಹೋದ್ಯೋಗಿಗಳ ಉಪಯೋಗಕ್ಕಾಗಿ ಇಲ್ಲಿ ನಿರೂಪಿಸುತ್ತೇವೆ.

ಅಳಿಸಿ ಬರೆಯುವ ದಾಖಲೆ ಕನ್ನಡಿಗರಿಗೆ ಹೊಸದಲ್ಲ. ಬಟ್ಟೆಗೆ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತವನ್ನು ಮಾರ್ಕ್ ವಿಲ್ಕ್ಸನು 1810ರಲ್ಲಿ ಪ್ರಕಟವಾದ ತನ್ನ ಇತಿಹಾಸಗ್ರಂಥದಲ್ಲಿ ವರ್ಣಿಸಿದ್ದಾನೆ. ಒರಸಿ ಮತ್ತೆ ಬರೆಯಬಹುದೆಂಬುದು ಕರಣಿಕನಿಗೆ ಅನುಕೂಲ. ಇತಿಹಾಸಕಾರನಿಗೆ ಅದೇ ಸಂಕಟ.

1997ರಲ್ಲಿ ಬಳಕೆಗೆ ಬಂದ ಸಿ.ಡಿ. ಆರ್‌ಡಬ್ಲ್ಯೂ ತಟ್ಟೆಯಲ್ಲಿ ಬೆಳ್ಳಿ, ಇಂಡಿಯಮ್, ಆಂಟಿಮನಿ, ಟೆಲ್ಯೂರಿಯಮ್ ಧಾತುಗಳ ಮಿಶ್ರಣದ ತೆಳುಪದರವಿರುತ್ತದೆ. ಲೇಸರ್ ಕಿರಣದಿಂದ ಕರಗಿ ಒಮ್ಮೆಲೆ ಆರಿದ ಚುಕ್ಕೆ ಸ್ಫಟಿಕರೂಪವನ್ನು ಕಳೆದುಕೊಂಡು ಮಂಕಾಗುವುದು. ಮಿತವಾಗಿ ಕಾಯಿಸಿದರೆ ಮರಳಿ ಸ್ಫಟಿಕವಾಗಿ ಹೊಳೆಯುವುದು. ಸುಮಾರು 1000 ಸಲ ಹೀಗೆ ಬರೆಯಬಹುದೆಂದು ಎಣಿಕೆ.

ಲಿನಕ್ಸಿನಲ್ಲಿ ನಮಗೆ ಎದುರಾದ ಮೊದಲನೆಯ ಅಡ್ಡಿ ಅನುಮತಿಯದು. ಡೆಬಿಯನ್ ಮೊದಲಾದ ಆವೃತ್ತಿಗಳಲ್ಲಿ ಬಳಕೆದಾರನ ಹೆಸರು 'ಸಿಡಿರಾಮ್' ಎಂಬ ಗುಂಪಿನಲ್ಲಿರಬೇಕು. ಎರಡನೆಯದಾಗಿ, ತಟ್ಟೆಯನ್ನು ಇಟ್ಟೊಡನೆ ಗಣಕವು ಅದನ್ನು ತಾನಾಗಿಯೇ ಓದಲು ತೆರೆದುಕೊಳ್ಳುವುದುಂಟು. 'ಅನ್‌ಮೌಂಟ್' ಮಾಡಿ ಬಿಡಿಸಿಕೊಳ್ಳದೆ ಅಳಿಸುವ ಆಜ್ಞೆ ಕೊಟ್ಟರೆ ಅದು ನಡೆಯದು. ನಾವು ಒಂದು ಮಧ್ಯಾಹ್ನವನ್ನೆಲ್ಲ ಯಂತ್ರವನ್ನೇ ದೂಷಿಸುತ್ತ ಕಳೆದೆವು!

ಸಿ.ಡಿ. ಆರ್‌ಡಬ್ಲ್ಯೂವನ್ನು ಅಳಿಸಲು 'ವೋಡಿಮ್' ಎಂಬ ತಂತ್ರಾಂಶವುಂಟು. ಅದರ 'ಬ್ಲ್ಯಾಂಕ್' ಆಜ್ಞೆಗೆ 'ಫಾಸ್ಟ್' ಎಂದು ಸೇರಿಸಿದರೆ ಗ್ರಂಥದ ವಿಷಯಸೂಚಿಯನ್ನು ಮಾತ್ರ ಹರಿದಂತೆ. 'ಆಲ್' ಎಂದರೆ ಇಡೀ ತಟ್ಟೆ ಬರಿದಾಗುವುದು. ಒಂದೊಂದೇ ಕಡತವನ್ನು ಬೇಕೆಂದಾಗ ಸೇರಿಸುವ ಸೌಕರ್ಯ ಬೇಕಾದರೆ ಕಷ್ಟ ಹೆಚ್ಚು. ಈ ತಟ್ಟೆಯಲ್ಲಿ ಹಾಗೆ ಬರೆಯುವಾಗ 2 ಕಿಲೋಬೈಟಿನ 32 ಖಂಡಗಳನ್ನು ಒಂದು ಕಟ್ಟಾಗಿ ಕೂಡಿಸಬೇಕು. ಈ ಕಟ್ಟು ಕಟ್ಟುವ 'ಪಿಕೆಟಿಸಿಡಿವಿಡಿ' ಎಂಬ ಚಾಲಕವು 2004ರ ಡಿಸೆಂಬರದಲ್ಲಿ ಬಂದ 2.6.10 ಆವೃತ್ತಿಯಲ್ಲಿ ಲಿನಕ್ಸಿಗೆ ಸೇರಿತು. ನಮ್ಮ ಮತದಲ್ಲಿ ಇಷ್ಟು ಶ್ರಮಪಡುವುದಕ್ಕಿಂತ 4.7 ಗಿಗಾಬೈಟ್ ಹಿಡಿಸುವ ಡಿ.ವಿ.ಡಿ. ಪ್ಲಸ್ ಆರ್‌ಡಬ್ಲ್ಯೂ ಲೇಸು. ಅದಕ್ಕೆ ಈ ಚಾಲಕದ ಹಂಗಿಲ್ಲ.

ಅದಕ್ಕೆ ಬರೆಯುವ ಆಜ್ಞೆ 'ಗ್ರೋಐಸೋಎಫ್‌ಎಸ್'. ಇಲ್ಲಿ ಒಂದಕ್ಷರದ ಭೇದವನ್ನು ವಾಚಕರು ಅವಶ್ಯವಾಗಿ ಗಮನಿಸಬೇಕು. ದೊಡ್ಡ 'ಝಡ್' ಎಂದರೆ ಮೊದಲಿನಿಂದ ಬರೆ ಎಂದರ್ಥ. ದೊಡ್ಡ 'ಎಂ' ಎಂದರೆ ಇದ್ದುದರ ಮುಂದೆ ಸೇರಿಸು ಎಂದು. ಭಟ್ಕಳದ ಸಮೀಪದ ಒಂದೂರಿನ ಶಾಸನದ ಚಿತ್ರಗಳಿದ್ದ ತಟ್ಟೆಗೆ ಹೊಸ ಚಿತ್ರಗಳನ್ನು ಸೇರಿಸಹೋಗಿ ನಾವು 'ಝಡ್' ಬಳಸಿದೆವು. ಹಳೆಯವು ಹೋದವು. ಮಳೆಗಾಲ ಕಳೆದು ಪುನಃ ಆ ಊರಿಗೆ ಹೋಗಿ ನೋಡಲಾಗಿ, ಕಲ್ಲಿನ ಸುತ್ತ ಸಿಮೆಂಟಿನ ಜಗಲಿ ಎದ್ದಿತ್ತು. ಕೆಳಗಿನ ಎರಡು ಸಾಲು ಅದರಡಿ ಸೇರಿದ್ದವು. ಆ ಸಾಲುಗಳನ್ನು ನಾವು ಹಿಂದೆ ಅವಸರದಲ್ಲಿ ಬರೆದುಕೊಂಡ ಪಾಠವೊಂದೇ ಈಗ ಉಳಿದಿದೆ. ಅದರಲ್ಲಿ ಒಂದು ಹೆಸರಿನ ಓದು ಸಂದೇಹಾಸ್ಪದ.

ಅಂದಿನಿಂದ ದಿನದಿನಕ್ಕೂ ತಿದ್ದುವ ಪಾಠಗಳನ್ನೂ ಸೂಚಿಗಳನ್ನೂ ಮಾತ್ರ ಅಳಿಸಿ ಬರೆಯುವ ತಟ್ಟೆಗಳಲ್ಲಿಡುತ್ತೇವೆ. ಮೂಲಚಿತ್ರಗಳು ಒಮ್ಮೆ ಮಾತ್ರ ಬರೆಯಬಹುದಾದ ತಟ್ಟೆಗೆ ಎರಡು ಪ್ರತಿಗಳಾಗಿ ಹೋಗುತ್ತವೆ. ಕರಾವಳಿಯ ತೇವಕ್ಕೆ ತಟ್ಟೆಗಳ ಮೇಲೆ ಬೂಷ್ಟು ಹಿಡಿಯುವುದರಿಂದ ಒಂದು ಪ್ರತಿಯನ್ನು ಘಟ್ಟದ ಮೇಲಿರಿಸಿದ್ದೇವೆ.