ರಾಮದುರ್ಗದ ಬಿಸಿಲಿಗೆ ಬೆಳಗಾವಿಯ ಥರ್ಮಾಮೀಟರ್

ಏಪ್ರಿಲ್ ಬಂತು ಅಂದ್ರೆ ನಮ್ಮ ನ್ಯೂಸ್‌ರೂಮಿನ ವಾಟ್ಸಾಪ್ ನಂಬರಿಗೆ ಒಂದೇ ಜಾತಿಯ ಮೆಸೇಜುಗಳು ಶುರುವಾಗುತ್ತವೆ. ಕಾರಿನ ಡ್ಯಾಶ್‌ಬೋರ್ಡ್ ಫೋಟೊ, ಅದರಲ್ಲಿ 46. ಮೊಬೈಲ್ ಪರದೆಯ ಫೋಟೊ, ಅದರಲ್ಲಿ 43. ಕೆಳಗೆ ಒಂದು ಸಾಲು: "ಸರ, ನೀವು ಟಿವಿಯೊಳಗ ಬೆಳಗಾವಿ ಜಿಲ್ಲಾ 38 ಡಿಗ್ರಿ ಅಂತೀರಿ. ಒಮ್ಮೆ ರಾಮದುರ್ಗ ಬಸ್ ಸ್ಟ್ಯಾಂಡಿಗೆ ಬಂದು ನಿಂದರ್ರಿ, ಗೊತ್ತಾಗ್ತೈತಿ."

ಈ ಅಣ್ಣಾರ ಸಿಟ್ಟು ಸುಳ್ಳಲ್ಲ. ಟಿವಿಯಲ್ಲಿ ಬರುವ ನಂಬರೂ ಸುಳ್ಳಲ್ಲ. ಇವೆರಡೂ ಹೇಗೆ ನಿಜ ಅನ್ನೋದನ್ನ ಇವತ್ತು ಬಿಡಿಸಿ ನೋಡೋಣ. ನಾನು ಓದಿದ್ದು ಎಂಜಿನಿಯರಿಂಗ್. ಟಿವಿಗೆ ಬಂದು ಇಷ್ಟು ವರ್ಷ ಆದರೂ ಒಂದು ಚಟ ಬಿಟ್ಟಿಲ್ಲ: ಯಾರಾದರೂ ಒಂದು ನಂಬರ್ ಹೇಳಿದರೆ, ಇದನ್ನ ಎಲ್ಲಿ ಅಳೆದಿರಿ, ಯಾವುದರಿಂದ ಅಳೆದಿರಿ ಅಂತ ಕೇಳೋದು.

ಮೊದಲು ಒಂದು ವಿಷಯ. ಹವಾಮಾನ ಇಲಾಖೆ ಹೇಳುವ ಗರಿಷ್ಠ ಉಷ್ಣಾಂಶ ಬಿಸಿಲಿನದ್ದಲ್ಲ, ನೆರಳಿನದ್ದು. ಬಿಳಿ ಬಣ್ಣ ಬಳಿದ ಒಂದು ಮರದ ಪೆಟ್ಟಿಗೆ. ಸುತ್ತಲೂ ಗಾಳಿ ಆಡುವ, ಬಿಸಿಲು ಒಳಗೆ ಬಾರದ ಪಟ್ಟಿಗಳು. ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ ಕಾಲುಗಳ ಮೇಲೆ ನಿಂತಿರುತ್ತದೆ. ಬಾಗಿಲು ಉತ್ತರಕ್ಕೆ, ತೆಗೆದಾಗಲೂ ಸೂರ್ಯನ ಕಿರಣ ಒಳಗೆ ಬೀಳಬಾರದು ಅಂತ. ಇದರ ಹೆಸರು ಸ್ಟೀವನ್ಸನ್ ಪೆಟ್ಟಿಗೆ. ಇದನ್ನು ರೂಪಿಸಿದ ಥಾಮಸ್ ಸ್ಟೀವನ್ಸನ್ ಸ್ಕಾಟ್ಲೆಂಡಿನಲ್ಲಿ ದೀಪಸ್ತಂಭ ಕಟ್ಟುತ್ತಿದ್ದ ಸಿವಿಲ್ ಎಂಜಿನಿಯರ್, 'ಟ್ರೆಷರ್ ಐಲೆಂಡ್' ಬರೆದ ರಾಬರ್ಟ್ ಲೂಯಿ ಸ್ಟೀವನ್ಸನ್‌ನ ಅಪ್ಪ. ಮಗನ ಹೆಸರು ಜಗತ್ತಿಗೆ ಗೊತ್ತು, ಅಪ್ಪನ ಪೆಟ್ಟಿಗೆ ಮಾತ್ರ ಇವತ್ತಿಗೂ ದಿನಾ ಕೆಲಸ ಮಾಡ್ತಿದೆ.

ಪೆಟ್ಟಿಗೆಯೊಳಗೆ ಎರಡು ಮುಖ್ಯ ಥರ್ಮಾಮೀಟರ್. ಗರಿಷ್ಠದ್ದು ಪಾದರಸದ್ದು, ಹಳೇ ಜ್ವರದ ಥರ್ಮಾಮೀಟರ್ ಇದ್ದ ಹಾಗೆ: ಮೇಲೇರಿದ ಪಾದರಸ ತಾನಾಗಿ ಕೆಳಗಿಳಿಯಲ್ಲ, ಜಾಡಿಸಬೇಕು. ಕನಿಷ್ಠದ್ದು ಆಲ್ಕೋಹಾಲಿನದ್ದು, ಅದರೊಳಗೆ ಒಂದು ಸಣ್ಣ ಕಡ್ಡಿ. ರಾತ್ರಿ ಎಷ್ಟು ಕೆಳಗಿಳಿಯಿತೋ ಅಲ್ಲೇ ಕಡ್ಡಿ ನಿಂತುಬಿಡುತ್ತದೆ. ಬೆಳಿಗ್ಗೆ 8.30ಕ್ಕೆ ಕನಿಷ್ಠ, ಸಂಜೆ 5.30ಕ್ಕೆ ಗರಿಷ್ಠ ಓದಿ ಬರೆದುಕೊಳ್ಳುತ್ತಾರೆ. ಈಗ ಬಹಳ ಕಡೆ ಇದೇ ಕೆಲಸವನ್ನು ಎಲೆಕ್ಟ್ರಾನಿಕ್ ಸೆನ್ಸರ್ ಮಾಡುತ್ತದೆ.

ಹಾಗಾಗಿ ಟಿವಿಯಲ್ಲಿ 40 ಅಂದರೆ, ಗಾಳಿಯಾಡುವ ನೆರಳಿನಲ್ಲಿ ನಿಂತ ಗಾಳಿಗೆ 40. ಬೈಲಹೊಂಗಲದ ಎರಿ ಹೊಲದಲ್ಲಿ ಮಟಮಟ ಮಧ್ಯಾಹ್ನ ಬಗ್ಗಿ ಕೆಲಸ ಮಾಡುವ ಅವ್ವನ ಬೆನ್ನಿಗೆ 40 ಅಲ್ಲ. ಒಣಗಿ ಬಿರುಕು ಬಿಟ್ಟ ಕರಿ ಮಣ್ಣಿನ ಮೇಲ್ಮೈ 55 ಡಿಗ್ರಿ ದಾಟೋದು ದೊಡ್ಡ ಮಾತಲ್ಲ. ಡ್ಯಾಶ್‌ಬೋರ್ಡ್ 46 ತೋರಿಸುವುದೂ ಇದೇ ಕಾರಣಕ್ಕೆ, ಕಾರಿನ ಸೆನ್ಸರ್ ಕಾದ ಡಾಂಬರಿನ ಮೇಲೆ, ಕಾದ ಎಂಜಿನ್ನಿನ ಪಕ್ಕ ಇರುತ್ತೆ. ಕಾರಿನ ಫೋಟೊ ದಾಖಲೆಗೆ ಬರಲ್ಲ ಸ್ವಾಮಿ.

ಹಾಗಾದರೆ ದಾಖಲೆ ಅಂದರೆ ಯಾವುದು? ಇದಕ್ಕೆ ನನಗೆ ಬಹಳ ಇಷ್ಟವಾದ ಕಥೆ ಮೆಡಿಟರೇನಿಯನ್ ಸಮುದ್ರದ ದಂಡೆಯ ಲಿಬಿಯಾ ದೇಶದ್ದು. 1922ರ ಸೆಪ್ಟೆಂಬರ್ 13. ಆಗ ಅದು ಇಟಲಿಯ ವಸಾಹತು. ರಾಜಧಾನಿ ಟ್ರಿಪೊಲಿಯ ದಕ್ಷಿಣಕ್ಕಿರುವ ಅಲ್ ಅಜೀಜಿಯಾ ಅನ್ನೋ ಊರಿನ ಕೇಂದ್ರದಲ್ಲಿ 58 ಡಿಗ್ರಿ ಅಂತ ಬರೆದರು. ಜಗತ್ತಿನ ಅತಿ ಹೆಚ್ಚು ಉಷ್ಣಾಂಶ! ತೊಂಬತ್ತು ವರ್ಷ ಪಠ್ಯಪುಸ್ತಕ, ಕ್ವಿಜ್ ಎಲ್ಲದರಲ್ಲೂ ಅದೇ ಉತ್ತರ.

2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಆ ದಾಖಲೆಯನ್ನೇ ರದ್ದು ಮಾಡಿತು. ಲಿಬಿಯಾದ ಹವಾಮಾನ ಅಧಿಕಾರಿ ಖಾಲಿದ್ ಅಲ್ ಫಾದ್ಲಿ ಹಳೇ ಲಾಗ್ ಪುಟವನ್ನು ಹುಡುಕಿ ತೆಗೆದಿದ್ದರು. 2011ರಲ್ಲಿ ಅಲ್ಲಿ ಕ್ರಾಂತಿ ನಡೆದು ಅವರ ಸಂಪರ್ಕ ತಿಂಗಳುಗಟ್ಟಲೆ ಕಡಿದುಹೋಗಿತ್ತು, ಆಮೇಲೆ ತನಿಖೆ ಮುಂದುವರಿಯಿತು. ಪುಟದಲ್ಲಿ ಕಂಡಿದ್ದೇನು? ಎರಡು ದಿನ ಮೊದಲು ಕೈಬರಹವೇ ಬದಲಾಗಿದೆ. ಅಂದರೆ ಹೊಸಬ ಬಂದಿದ್ದಾನೆ, ಅಂಕಿಗಳನ್ನು ತಪ್ಪು ಕಾಲಮ್ಮಿನಲ್ಲಿ ತುಂಬಿದ್ದಾನೆ. ಕೊಟ್ಟಿದ್ದ ಉಪಕರಣವೂ ಹಳೇ ಮಾದರಿಯದು, ಅದರೊಳಗಿನ ಕಡ್ಡಿಯ ಕೆಳತುದಿ ಓದಬೇಕಿತ್ತು. ಆತ ಮೇಲ್ತುದಿ ಓದಿರಬಹುದು. ಕಡ್ಡಿಯ ಉದ್ದ ಸುಮಾರು 7 ಡಿಗ್ರಿಯಷ್ಟು! ಸುತ್ತಲಿನ ಊರುಗಳ ಅಂಕಿಯೂ ಹೊಂದಲಿಲ್ಲ. ಹೀಗೆ ಒಂದು ಕಡ್ಡಿಯ ಉದ್ದ 90 ವರ್ಷ ಜಗತ್ತನ್ನು ಆಳಿತು. ಪಟ್ಟ ಈಗ ಅಮೆರಿಕದ ಡೆತ್ ವ್ಯಾಲಿಗೆ, 1913ರ ಜುಲೈ 10ರ 56.7 ಡಿಗ್ರಿಗೆ. ಅದನ್ನೂ ಅನುಮಾನಿಸುವವರಿದ್ದಾರೆ, ಆ ಮಾತು ಬೇರೆ. ಅದೇ ಮೆಡಿಟರೇನಿಯನ್‌ನ ಸಿಸಿಲಿಯಲ್ಲಿ 2021ರ ಆಗಸ್ಟ್ 11ರಂದು 48.8 ಡಿಗ್ರಿ ಬಂದಾಗ, ಅದನ್ನು ಯುರೋಪಿನ ದಾಖಲೆ ಅಂತ ಒಪ್ಪೋಕೆ ಅದೇ ಸಂಸ್ಥೆ 2024ರ ಜನವರಿವರೆಗೆ ಸಮಯ ತಗೊಂಡಿತು.

ನಮ್ಮಲ್ಲಿ? 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದಲ್ಲಿ 52.9 ಡಿಗ್ರಿ ಅಂತ ಸುದ್ದಿ. ದೇಶದ ದಾಖಲೆ ರಾಜಸ್ಥಾನದ ಫಲೋಡಿಯ 51, ಅದು 2016ರ ಮೇ 19ರದು. ಅದೂ ಮುರೀತು ಅಂತ ದೇಶವೆಲ್ಲ ಮಾತಾಡಿತು. ಆದರೆ ಅದೇ ದಿನ ದೆಹಲಿಯ ಬೇರೆ ಕೇಂದ್ರಗಳು ಅದರ ಹತ್ತಿರಕ್ಕೂ ಬಂದಿರಲಿಲ್ಲ. ಪರೀಕ್ಷೆ ಮಾಡಿದರು: ಸೆನ್ಸರ್ 3 ಡಿಗ್ರಿ ಹೆಚ್ಚು ತೋರಿಸುತ್ತಿತ್ತು.

ಈಗ ನಮ್ಮೂರ ಕಡೆ ಬರೋಣ. ಬೆಳಗಾವಿ ನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಘಟ್ಟದ ಸೆರಗಿನಲ್ಲಿ. ಕಿತ್ತೂರೂ ಹೆಚ್ಚುಕಡಿಮೆ ಅದೇ ಸೆರಗಿನ ಊರು. ಅಲ್ಲಿಂದ ಮಲಪ್ರಭೆಯ ಜೊತೆ ನಡೀರಿ: ಕಣಕುಂಬಿಯಲ್ಲಿ ಹುಟ್ಟಿ, ಖಾನಾಪುರ, ಎಂ.ಕೆ. ಹುಬ್ಬಳ್ಳಿ ದಾಟಿ, ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ನಿಂತು, ಆಮೇಲೆ ರಾಮದುರ್ಗ. ನದಿ ಮೇಲಕ್ಕೆ ಹರಿಯಲ್ಲ ಅಲ್ವಾ? ರಾಮದುರ್ಗ ತಲುಪೋ ಹೊತ್ತಿಗೆ ನಾವು ಇನ್ನೂರು ಮೀಟರಿನ ಹತ್ತಿರ ಹತ್ತಿರ ಕೆಳಗಿಳಿದಿರುತ್ತೇವೆ. ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಲೆಕ್ಕ ಹಿಡಿದರೆ, ಬರೀ ಇಳಿಜಾರಿನಿಂದಲೇ ಒಂದು ಡಿಗ್ರಿ ಮೇಲೆ ಸೆಕೆ ಹೆಚ್ಚು. ಅದರ ಮೇಲೆ, ಪಶ್ಚಿಮದಿಂದ ಸಂಜೆಗೆ ಬೆಳಗಾವಿ ಮುಟ್ಟುವ ತಂಪು ಗಾಳಿ ರಾಮದುರ್ಗಕ್ಕೆ ಬರುವಷ್ಟರಲ್ಲಿ ತೇವ ಕಳಕೊಂಡಿರುತ್ತೆ. ಮಳೆ ಕಡಿಮೆ, ಗಿಡ ಕಡಿಮೆ, ಸುತ್ತ ಕಲ್ಲುಗುಡ್ಡ. ಹವೆಯ ಲೆಕ್ಕದಲ್ಲಿ ರಾಮದುರ್ಗ ಬಾದಾಮಿಯ ತಮ್ಮ, ಬೆಳಗಾವಿಗೆ ಬರೀ ಕಾಗದದ ಸಂಬಂಧ.

ಈ ಕಾಗದದ ಸಂಬಂಧಕ್ಕೆ ಬೆಲೆ ಇದೆ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳ ಜೊತೆ ವಿಜಯಪುರ, ಬಾಗಲಕೋಟೆಯ ಸರ್ಕಾರಿ ಕಚೇರಿಗಳಿಗೂ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ವೇಳೆ ಮಾಡ್ತಾರೆ. ಒಳ್ಳೇ ಕ್ರಮ. ಆದರೆ ಬಿಸಿಲಿಗೆ ಜಿಲ್ಲಾ ಗಡಿಯ ಬೋರ್ಡ್ ಓದೋಕೆ ಬರಲ್ಲ. ಗಡಿ ಆಚೆ ಲೋಕಾಪುರದಲ್ಲಿ ಕಚೇರಿ ಬಾಗಿಲು ಹಾಕಿದ ಮೇಲೂ ಈಚೆ ರಾಮದುರ್ಗದವರು ಮೂರು ಗಂಟೆಯ ಉರಿಯಲ್ಲಿ ಪಹಣಿಗೆ ಸಾಲು ನಿಂತಿರುತ್ತಾರೆ. ಇಂಥ ಆದೇಶಗಳು ತಾಲ್ಲೂಕಿನ ಲೆಕ್ಕದಲ್ಲಿ ಆಗಬೇಕು ಅನ್ನೋದು ನನ್ನ ಅಭಿಪ್ರಾಯ.

"ಬಿಸಿಗಾಳಿ ಅಂತ ಯಾಕ ಘೋಷಣೆ ಮಾಡಂಗಿಲ್ಲ?" ಇದು ಸವದತ್ತಿಯಿಂದ ಬಂದ ಪ್ರಶ್ನೆ. ಹವಾಮಾನ ಇಲಾಖೆಯ ಸೂತ್ರ ಹೀಗಿದೆ: ಬಯಲು ಸೀಮೆಯಲ್ಲಿ ಗರಿಷ್ಠ ಕನಿಷ್ಠಪಕ್ಷ 40 ಮುಟ್ಟಿರಬೇಕು ಮತ್ತು ಆ ಊರಿನ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು. ಇಲ್ಲವೇ ನೇರವಾಗಿ 45 ಮುಟ್ಟಿರಬೇಕು. 'ವಾಡಿಕೆ' ಅಂದರೆ 30 ವರ್ಷದ ಸರಾಸರಿ. ಇಲ್ಲೇ ಇರೋದು ಗಂಟು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರ ಇಟ್ಟಿದೆ, ಅದು ದೇಶದಲ್ಲೇ ಮೆಚ್ಚುವಂಥ ಕೆಲಸ. ಆದರೆ ಅವಕ್ಕೆ ಇನ್ನೂ 30 ವರ್ಷ ತುಂಬಿಲ್ಲ. ವಾಡಿಕೆಯೇ ಗೊತ್ತಿಲ್ಲದ ಊರಿಗೆ ವಾಡಿಕೆಗಿಂತ ಎಷ್ಟು ಹೆಚ್ಚು ಅಂತ ಹೇಳೋದು ಹೇಗೆ? ಬೆಂಗಳೂರಿನ ಪುಸ್ತಕದಲ್ಲಿ 1884ರ ಜನವರಿ 13ರ 7.8 ಡಿಗ್ರಿ ಚಳಿಯೂ ಇದೆ, 2016ರ ಏಪ್ರಿಲ್ 24ರ 39.2 ಡಿಗ್ರಿ ಬಿಸಿಯೂ ಇದೆ. ಹತ್ತು-ಹದಿನೈದು ವರ್ಷದ ಪುಸ್ತಕ ಇರೋ ಕೇಂದ್ರದಲ್ಲಿ ಎರಡು ವರ್ಷಕ್ಕೊಮ್ಮೆ 'ದಾಖಲೆ' ಮುರಿದರೆ ಆಶ್ಚರ್ಯ ಪಡಬೇಡಿ.

ಚಳಿಯ ಕಥೆ ಸ್ವಲ್ಪ ಉಲ್ಟಾ. ಬನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋದವರು ಮೇಲೆ ಥಂಡಿ ಜಾಸ್ತಿ ಅಂತಾರೆ. ಗಾಳಿ ಬೀಸಿದರೆ ಹಾಗೇ ಅನಿಸುತ್ತೆ. ಆದರೆ ಮೋಡವಿಲ್ಲದ, ಗಾಳಿಯಿಲ್ಲದ ಜನವರಿ ರಾತ್ರಿಯಲ್ಲಿ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟು, ನೆಲಕ್ಕಂಟಿದ ಗಾಳಿ ತಣ್ಣಗಾಗಿ, ಭಾರವಾಗಿ, ನೀರಿನ ಹಾಗೆ ತಗ್ಗಿಗೆ ಜಾರುತ್ತೆ. ಬೆಳಗಿನ ಜಾವ ಗುಡ್ಡದ ತಲೆಗಿಂತ ಬುಡದ ಕಡಲೆ ಹೊಲವೇ ಹೆಚ್ಚು ತಣ್ಣಗಿರಬಹುದು. ಪೆಟ್ಟಿಗೆ ನಾಲ್ಕಡಿ ಮೇಲೆ 11 ಅಂದಾಗ, ಕಡಲೆ ಎಲೆಯ ಮಟ್ಟದಲ್ಲಿ ಅದಕ್ಕಿಂತ ಕಡಿಮೆ ಇರುತ್ತೆ.

ಕೊನೆಗೆ ದುಡ್ಡಿನ ವಿಷಯ. ಮಾವು, ದಾಳಿಂಬೆ, ದ್ರಾಕ್ಷಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ಇದರಲ್ಲಿ ಬೆಳೆ ಹಾನಿ ನೋಡೋಕೆ ಯಾರೂ ಹೊಲಕ್ಕೆ ಬರಲ್ಲ. ಗೊತ್ತು ಮಾಡಿದ ಕೇಂದ್ರದ ಮಳೆ, ಉಷ್ಣಾಂಶದ ಅಂಕಿ ನೋಡಿ ಪರಿಹಾರ ಲೆಕ್ಕ ಹಾಕ್ತಾರೆ. ಅಂದರೆ ಆ ಕಂಬದ ಮೇಲಿನ ಸೆನ್ಸರ್ ಒಂದೆರಡು ಡಿಗ್ರಿ ತಪ್ಪಿದರೆ ನಿಮ್ಮ ಖಾತೆಗೆ ಬರೋ ಮೊತ್ತವೂ ತಪ್ಪುತ್ತೆ. ಅದಕ್ಕೆ ವಿಮೆ ಕಟ್ಟಿದವರು ಒಮ್ಮೆ ನಿಮ್ಮ ಹೋಬಳಿಯ ಆ ಕಂಬದ ಹತ್ತಿರ ಹೋಗಿ ನೋಡಿ ಬನ್ನಿ. ಪಕ್ಕದಲ್ಲಿ ಹೊಸದಾಗಿ ತಗಡಿನ ಶೆಡ್ ಎದ್ದಿದೆಯಾ? ಬೇವಿನ ಗಿಡ ಬೆಳೆದು ಮೇಲೆ ಬಾಗಿದೆಯಾ? ಸುತ್ತ ಕಾಂಕ್ರೀಟ್ ಹಾಕಿದ್ದಾರಾ? ಬೇಲಿಗೆ ಯಾರಾದರೂ ಕಟ್ಟಿಗೆ ಒಟ್ಟಿದ್ದಾರಾ? ಹಾಗಿದ್ದರೆ ದಿನಾಂಕ ಕಾಣುವಂತೆ ಫೋಟೊ ತೆಗೆದು, ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ತಿಳಿಸಿ, ತಹಶೀಲ್ದಾರ್ ಕಚೇರಿಗೊಂದು ಅರ್ಜಿ ಕೊಡಿ, ಸ್ವೀಕೃತಿ ಪ್ರತಿ ಇಟ್ಟುಕೊಳ್ಳಿ. ಡ್ಯಾಶ್‌ಬೋರ್ಡಿನ ಫೋಟೊ ನಮಗೆ ಕಳಿಸೋ ಬದಲು ಆ ಫೋಟೊ ಕಳಿಸಿ, ಅದನ್ನ ಟಿವಿಯಲ್ಲಿ ತೋರಿಸ್ತೀವಿ.