ಹಳೆಯ ಡೀಸೆಲ್ ಕಾರಿನ ಟೈಮಿಂಗ್ ಚೈನು: ಸಪ್ಪಳ ಕೇಳಿದಾಗಲೇ ಎಚ್ಚರಾಗಿರಿ

ಒಕ್ಕಲುತನದ ಪುಟದಲ್ಲಿ ಕಾರಿನ ಮಾತೇಕೆಂದು ಕೆಲವರು ಕೇಳಬಹುದು. ಆದರೆ ಇಂದು ನಮ್ಮ ಗಡಿ ಸೀಮೆಯಲ್ಲಿ ಎತ್ತಿನ ಜೋಡಿ ಇಲ್ಲದ ಮನೆಗಳು ಬಹಳ ಆಗಿವೆ. ಹಳೆಯ ಡೀಸೆಲ್ ಕಾರು ಒಂದೂ ಇಲ್ಲದ ಊರು ಮಾತ್ರ ಅಪರೂಪ. ಸಾಂಗಲಿಯ ಅರಿಷಿಣ ಪೇಟೆಗೆ ಹೋಗುವದಿರಲಿ, ಆರಗ ಬೇಡಗದಿಂದ ಮಿರಜದ ರೇಲ್ವೆ ಸ್ಟೇಶನ್ನಿಗೆ ಹೋಗುವದಿರಲಿ, ಅದೇ ಕಾರು ಬೇಕು. ಜತ್ತ ತಾಲೂಕಿನ ಉಮದಿಯಿಂದ ಮಿರಜದ ದವಾಖಾನೆಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಹೆರಿಗೆ ನೋವು ಎದ್ದ ಮಗಳನ್ನು ಕೂಡಿಸಿಕೊಂಡು ನಡುರಾತ್ರಿ ಹೊರಟಾಗ ದಾರಿಯಲ್ಲಿ ಎಂಜಿನ್ನು ನಿಂತುಬಿಟ್ಟರೆ, ಕೆಡುವದು ಬರೇ ಕಾರಲ್ಲ. ಹೀಗೆ ಒಮ್ಮೆಲೆ ನಿಲ್ಲುವದಕ್ಕೆ ಒಂದು ಮುಖ್ಯ ಕಾರಣ ಟೈಮಿಂಗ್ ಚೈನು. ಅದು ಹೆಚ್ಚಾಗಿ ಮೊದಲೇ ಸೂಚನೆ ಕೊಡುವದು. ಆ ಸೂಚನೆ ಯಾವದು, ಅದು ಬಂದ ಮೇಲೆ ಏನು ಮಾಡಬೇಕು ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ಚೈನಿನ ಕೆಲಸವೇನು?

ಎಂಜಿನ್ನಿನೊಳಗೆ ಪಿಸ್ಟನ್ನುಗಳು ಮೇಲೆ ಕೆಳಗೆ ಆಡಿ ಕೆಳಗಿನ ದಪ್ಪ ದಂಡವನ್ನು ತಿರುಗಿಸುವವು. ಇದೇ ಕ್ರ್ಯಾಂಕ್. ಗಾಳಿ ಒಳಗೆ ಬರಲು, ಹೊಗೆ ಹೊರಗೆ ಹೋಗಲು ಮೇಲೆ ವಾಲ್ವುಗಳೆಂಬ ಬಾಗಿಲುಗಳಿವೆ. ಅವನ್ನು ತೆರೆಯುವದು ಕ್ಯಾಮ್ ಎಂಬ ಇನ್ನೊಂದು ದಂಡ. ಕ್ರ್ಯಾಂಕು ಎರಡು ಸುತ್ತು ತಿರುಗಿದಾಗ ಕ್ಯಾಮು ಸರಿಯಾಗಿ ಒಂದು ಸುತ್ತು ತಿರುಗಬೇಕು. ಒಂದು ಹಲ್ಲಿನಷ್ಟೂ ಹಿಂದುಮುಂದಾಗಬಾರದು. ಇವೆರಡನ್ನೂ ಜೊತೆಗೆ ನಡೆಸುವ ನೊಗವೇ ಟೈಮಿಂಗ್ ಚೈನು.

ಕ್ರ್ಯಾಂಕು ಮಿನಿಟಿಗೆ 2000 ಸುತ್ತು ತಿರುಗುತ್ತಿದೆ ಎಂದು ಹಿಡಿಯಿರಿ. ಒಂದು ತಾಸಿಗೆ 1,20,000 ಸುತ್ತುಗಳಾದವು. ಎರಡು ತಾಸಿನ ದಾರಿಗೆ 2,40,000. ಅಷ್ಟೂ ಸುತ್ತು ಈ ಚೈನು ಬಿಡದೆ ದುಡಿಯುವದು.

ಬಾವಿಯ ಮೇಲಿನ ಡೀಸೆಲ್ ಪಂಪಿನಲ್ಲಿ ಸಾಮಾನ್ಯವಾಗಿ ಈ ಕೆಲಸವನ್ನು ಹಲ್ಲಿನ ಗಾಲಿಗಳೇ ಒಂದಕ್ಕೊಂದು ಕಚ್ಚಿಕೊಂಡು ಮಾಡುವವು. ಆದುದರಿಂದ ಪಂಪಿನ ಎಂಜಿನ್ನು ಬಲ್ಲವರಿಗೂ ಈ ಚೈನು ಹೊಸದೆನಿಸಬಹುದು.

ಯಾವ ಕಾರಿನಲ್ಲಿ ಚೈನು ಇದೆ?

ಹಿಂದಿನ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಗಿಡ್ಡ ಚೈನು ಇತ್ತು. ಮಾರುತಿ 800, ಓಮ್ನಿ ಮತ್ತು ಟಾಟಾದ ಹಳೆಯ ಇಂಡಿಕಾ ಡೀಸೆಲ್ಲಿನಲ್ಲಿ ಚೈನಿಲ್ಲ, ರಬ್ಬರಿನ ಪಟ್ಟೆ ಇದೆ. ಪಟ್ಟೆಯನ್ನು ಇಂತಿಷ್ಟು ಕಿಲೋಮೀಟರಿಗೆ ಬದಲಿಸಲೇಬೇಕೆಂದು ಪುಸ್ತಕದಲ್ಲಿ ಬರೆದಿರುತ್ತದೆ.

ಇಂದು ನಮ್ಮ ಹಳ್ಳಿಗಳಲ್ಲಿ ಬಹಳವಾಗಿ ಕಾಣುವದು ಮಾರುತಿ ಸ್ವಿಫ್ಟ್ ಮತ್ತು ಡಿಜೈರ್ ಡೀಸೆಲ್ ಕಾರುಗಳು. ಅವುಗಳ 1248 ಸಿ.ಸಿ.ಯ ಎಂಜಿನ್ನು ಇಟಲಿಯ ಫಿಯಾಟ್ ಕಂಪನಿಯ ರಚನೆ; ಇದರಲ್ಲಿರುವದು ಚೈನು. 2007ರಲ್ಲಿ ಡೀಸೆಲ್ ಸ್ವಿಫ್ಟ್ ಪೇಟೆಗೆ ಬಂತು. 2020ರಲ್ಲಿ ಮಾರುತಿಯವರು ಡೀಸೆಲ್ ಕಾರು ಮಾಡುವದನ್ನೇ ನಿಲ್ಲಿಸಿದರು. ಅಂದರೆ ಈಗ ಓಡುವ ಈ ಕಾರುಗಳೆಲ್ಲ ಹಳೆಯವೇ. ಚೈನಿನ ಕಾಳಜಿ ಈಗ ಮಾಡದೆ ಇನ್ನು ಯಾವಾಗ?

ಕಬ್ಬಿಣದ ಚೈನು ಉದ್ದವಾಗುವದೇ?

ಆಗುವದು. ಇದನ್ನು ತಿಳಿಯಲು ಸೈಕಲ್ಲಿನ ಚೈನು ನೋಡಿದರೆ ಸಾಕು. ಕಿರ್ಲೋಸ್ಕರವಾಡಿಯನ್ನು 1910ರಲ್ಲಿ ಕಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಕೂಡ ಮೊದಲು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರೇ. ಹಳೆಯ ಸೈಕಲ್ಲಿನ ಚೈನು ಜೋತುಬಿದ್ದು ಆಗಾಗ ಹಲ್ಲು ಜಿಗಿಯುವದನ್ನು ನೀವು ಕಂಡಿದ್ದೀರಿ. ಅಲ್ಲಿ ಕಬ್ಬಿಣ ಹಿಗ್ಗಿರುವದಿಲ್ಲ. ಕೊಂಡಿ ಕೊಂಡಿಗೆ ಇರುವ ಕೀಲುಗಳು ಸವೆದಿರುತ್ತವೆ. ಒಂದೊಂದು ಕೀಲಿನಲ್ಲಿ ಮಿಲಿಮೀಟರಿನ ಐವತ್ತನೆಯ ಒಂದು ಪಾಲು ಸವೆದರೂ ನೂರು ಕೊಂಡಿಯ ಚೈನು 2 ಮಿಲಿಮೀಟರು ಉದ್ದವಾಗುವದು.

ಹೀಗೆ ಬಂದ ಸಡಿಲನ್ನು ಎಳೆದು ಹಿಡಿಯಲು ಎಂಜಿನ್ನಿನಲ್ಲಿ ಟೆನ್ಶನರ್ ಎಂಬ ಸಾಧನವಿದೆ. ಅದರೊಳಗೆ ಒಂದು ಸಣ್ಣ ಗುಟ್ಟದಂಥ ಪಿಸ್ಟನ್ನು. ಹಿಂದಿನಿಂದ ಸ್ಪ್ರಿಂಗು ಮತ್ತು ಎಂಜಿನ್ ಆಯಿಲಿನ ಒತ್ತಡ ಅದನ್ನು ನೂಕುವವು. ಅದು ಒಂದು ಬಾಗಿದ ಪಟ್ಟಿಯನ್ನು ಚೈನಿಗೆ ಒತ್ತಿ ಹಿಡಿಯುವದು. ಇದರಿಂದ ಒಂದು ಮಾತು ಸ್ಪಷ್ಟವಾಗುವದು: ಆಯಿಲು ಕಡಿಮೆಯಾದರೆ ಅಥವಾ ರಾಡಿಯಾಗಿ ಕೆಟ್ಟರೆ ಚೈನಿಗೆ ಎರಡು ಪೆಟ್ಟು. ಕೀಲೂ ಬೇಗ ಸವೆಯುವದು, ಟೆನ್ಶನರಿನ ಹಿಡಿತವೂ ತಪ್ಪುವದು. ಡೀಸೆಲ್ ಎಂಜಿನ್ನಿನ ಆಯಿಲಿನಲ್ಲಿ ಹೊಗೆಯ ಮಸಿ ಸೇರುವದರಿಂದ ಈ ಭಯ ಇನ್ನೂ ಹೆಚ್ಚು. ಜತ್ತದ ಕಡೆಯ ಧೂಳಿನ ದಾರಿಯಲ್ಲಿ ಹರಿದ ಏರ್ ಫಿಲ್ಟರ್ ಇಟ್ಟುಕೊಂಡು ಓಡಿಸಿದರೆ ಆ ಧೂಳೂ ಒಳಗೆ ಹೋಗಿ ಎಂಜಿನ್ನನ್ನು ತಿನ್ನುವದು.

ಸೂಚನೆಗಳು

ಮುಂಜಾನೆ ಮೊದಲ ಸಲ ಚಾಲೂ ಮಾಡುವಾಗ ಬಾನೆಟ್ ತೆರೆದಿಟ್ಟು ಒಬ್ಬರು ಎಂಜಿನ್ನಿನ ಚೈನಿರುವ ಬದಿಯಲ್ಲಿ ನಿಂತು ಕೇಳಬೇಕು. ಕೈಯನ್ನೂ ಬಟ್ಟೆಯನ್ನೂ ಪಟ್ಟೆಯ ಹತ್ತಿರ ಒಯ್ಯಬಾರದು. ರಾತ್ರಿಯೆಲ್ಲ ನಿಂತಾಗ ಟೆನ್ಶನರಿನ ಆಯಿಲು ಕೆಳಗಿಳಿದಿರುವದರಿಂದ ಒಂದೆರಡು ಕ್ಷಣ ಸಣ್ಣ ಸಪ್ಪಳ ಬರಬಹುದು. ಆದರೆ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದಂತೆ ಖಡಖಡ ಸಪ್ಪಳವು ಬಿಡದೆ ನಡೆದರೆ, ದಿನದಿನಕ್ಕೆ ಹೆಚ್ಚಾದರೆ, ಎಂಜಿನ್ನು ಬಿಸಿಯಾದ ಮೇಲೂ ಕೇಳಿದರೆ, ಅದನ್ನು ಡೀಸೆಲ್ ಎಂಜಿನ್ನಿನ ಸಹಜ ಸದ್ದೆಂದು ಬಿಡಬಾರದು. ಚಾಲೂ ಆಗಲು ತಡವಾಗುವದು, ಜಗ್ಗುವ ಶಕ್ತಿ ಕಡಿಮೆಯಾಗುವದು, ಎಂಜಿನ್ ದೀಪ ಹತ್ತುವದು, ಇವೂ ಕೆಲವು ಸಲ ಇದೇ ರೋಗದ ಲಕ್ಷಣಗಳು. ಕೆಂಪು ಆಯಿಲ್ ದೀಪ ಹತ್ತಿದರಂತೂ ಆ ಕ್ಷಣವೇ ಎಂಜಿನ್ನು ಬಂದ್ ಮಾಡತಕ್ಕದ್ದು.

ಸಪ್ಪಳ ಕೇಳಿಯೂ ಓಡಿಸಿದರೆ ಒಂದು ದಿನ ಚೈನು ಹಲ್ಲು ಜಿಗಿಯುವದು, ಇಲ್ಲವೆ ಹರಿಯುವದು. ಆಗ ತೆರೆದ ವಾಲ್ವಿಗೆ ಪಿಸ್ಟನ್ನು ಬಡಿಯುವದು. ಈ ಎಂಜಿನ್ನಿನಲ್ಲಿ ವಾಲ್ವನ್ನು ಒತ್ತುವ ರಾಕರ್ ಎಂಬ ಸಣ್ಣ ತೋಳುಗಳು ಮುರಿಯುವದು ಮೇಲಿಂದ ಮೇಲೆ ಕಾಣುವ ಸಂಗತಿ. ಅಷ್ಟಕ್ಕೇ ಮುಗಿದರೆ ಪುಣ್ಯ. ವಾಲ್ವು ಬಾಗಿದರೆ ಎಂಜಿನ್ನಿನ ತಲೆಯನ್ನೇ ಇಳಿಸಬೇಕಾಗುವದು. ಚೈನಿನ ಖರ್ಚಿನ ಮೇಲೆ ಇದರ ಖರ್ಚೂ ಬೀಳುವದು.

ಬದಲಿಸುವ ಕೆಲಸ

ಇದು ಮನೆಯ ಅಂಗಳದಲ್ಲಿ ಪಾನಾ ಹಿಡಿದು ಮಾಡುವ ಕೆಲಸವಲ್ಲ. ಆದರೆ ಕೆಲಸದ ಕ್ರಮ ಮಾಲಕನಿಗೆ ಗೊತ್ತಿದ್ದರೆ ಮೋಸಕ್ಕೆ ಎಡೆಯಿಲ್ಲ.

1. ಮೊದಲು ಬ್ಯಾಟರಿಯ ತಂತಿ ಬಿಚ್ಚಿ ಆಯಿಲು ಇಳಿಸುವರು. ಎಂಜಿನ್ನಿಗೆ ಆಧಾರ ಕೊಟ್ಟು ಹೊರಗಿನ ಪಟ್ಟೆ, ಪುಲ್ಲಿ, ಕೆಳಗಿನ ಆಯಿಲ್ ಚೇಂಬರು ಮತ್ತು ಚೈನಿನ ಮೇಲಿನ ಮುಚ್ಚಳ ತೆಗೆಯುವರು.

2. ಚೈನು ಕಳಚುವ ಮೊದಲು ಕ್ರ್ಯಾಂಕು ಮತ್ತು ಕ್ಯಾಮುಗಳನ್ನು ಅವುಗಳ ಸರಿಯಾದ ಸ್ಥಾನದಲ್ಲಿ ವಿಶೇಷ ಪಿನ್ನು ಹಾಕಿ ಬಂಧಿಸಬೇಕು. ಇದೇ ಇಡೀ ಕೆಲಸದ ಜೀವ. ಸುಣ್ಣದ ಗುರುತು ಹಾಕಿ ಅಂದಾಜಿನ ಮೇಲೆ ಮಾಡುವೆನೆನ್ನುವ ಮಿಸ್ತ್ರಿಗೆ ಈ ಕೆಲಸ ಕೊಡಬೇಡಿರಿ.

3. ಬರೇ ಚೈನು ಹಾಕಿದರೆ ಸಾಲದು. ಚೈನು, ಟೆನ್ಶನರು, ಪಟ್ಟಿಗಳು, ಹಲ್ಲಿನ ಗಾಲಿಗಳು ಎಲ್ಲವೂ ಕೂಡಿದ ಪೂರ್ಣ ಸೆಟ್ಟು ಹಾಕಿಸಬೇಕು. ಸವೆದ ಹಲ್ಲಿನ ಮೇಲೆ ಹೊಸ ಚೈನು ಹಾಕುವದೆಂದರೆ ಮುರುಕು ನೊಗಕ್ಕೆ ಹೊಸ ಹಗ್ಗ ಕಟ್ಟಿದಂತೆ.

4. ಎಲ್ಲ ಜೋಡಿಸಿ ಪಿನ್ನು ತೆಗೆದ ಮೇಲೆ, ಕ್ರ್ಯಾಂಕನ್ನು ಪಾನಾದಿಂದ ಕೈಯಲ್ಲೇ, ಎಂಜಿನ್ನು ತಿರುಗುವ ದಿಕ್ಕಿಗೇ ಪೂರ್ಣ ಎರಡು ಸುತ್ತು ತಿರುಗಿಸಬೇಕು. ಎಲ್ಲಿಯೂ ತಡೆಯಬಾರದು. ಆಮೇಲೆ ಅದೇ ಪಿನ್ನುಗಳು ತಮ್ಮ ತೂತಿನಲ್ಲಿ ಸಲೀಸಾಗಿ ಕೂಡಬೇಕು. ಕೂಡದಿದ್ದರೆ ಚಾಲೂ ಮಾಡದೆ ಮತ್ತೆ ಬಿಚ್ಚಬೇಕು.

5. ಕೊನೆಗೆ ಹೊಸ ಆಯಿಲು, ಹೊಸ ಆಯಿಲ್ ಫಿಲ್ಟರು. ಹಳೆಯದನ್ನೇ ಸೋಸಿ ತಿರುಗಿ ಹಾಕಲು ಒಪ್ಪಬೇಡಿರಿ.

ಸಾಂಗಲಿ ಮಿರಜದಲ್ಲಿ ಕೆಲಸ ಕೊಡುವಾಗ ಭಾಷೆಯ ಸಂಕೋಚ ಬೇಡ. ನಾವು ಸರಪಳಿ ಎಂದರೆ ಮರಾಠಿಯವರು ಸಾಖಳಿ ಎನ್ನುವರು. ಮಿಸ್ತ್ರಿಗಳಿಗೆ ಎಲ್ಲೆಡೆ ಟೈಮಿಂಗ್ ಚೈನೇ. "ದಾದಾ, ಪೂರಾ ಸೆಟ್ ಹಾಕಿ, ತೆಗೆದ ಹಳೇ ಸಾಮಾನೆಲ್ಲ ನನ್ನ ಕೈಗೆ ಕೊಡ್ರಿ" ಎಂದು ಮೊದಲೇ ಹೇಳಿಬಿಡಿರಿ. ಹಾಕಿದ ಸಾಮಾನಿನ ಹೆಸರು ಒಂದೊಂದಾಗಿ ಬರೆದ ಬಿಲ್ಲು ಕೇಳಿ ಪಡೆಯಿರಿ. ಹಳೆಯ ಚೈನನ್ನು ಹೊಸದರ ಪಕ್ಕಕ್ಕೆ ಜೋತುಬಿಟ್ಟು ನೋಡಿದರೆ ಎಷ್ಟು ಉದ್ದವಾಗಿತ್ತೆಂಬುದು ನಿಮ್ಮ ಕಣ್ಣಿಗೇ ಕಾಣುವದು.

ಚೈನು ಬಾಳಬೇಕಾದರೆ

ಹದಿನೈದು ದಿನಕ್ಕೊಮ್ಮೆ, ಕಾರು ಸಮನಾದ ನೆಲದ ಮೇಲೆ ನಿಂತು ಎಂಜಿನ್ನು ತಣ್ಣಗಿರುವಾಗ, ಆಯಿಲಿನ ಕಡ್ಡಿ ತೆಗೆದು ಒರೆಸಿ ಮತ್ತೆ ಅದ್ದಿ ನೋಡಿರಿ. ಎರಡು ಗುರುತಿನ ನಡುವೆ ಆಯಿಲು ಇರಬೇಕು. ಪುಸ್ತಕದಲ್ಲಿ ಹೇಳಿದ ಜಾತಿಯ ಆಯಿಲನ್ನೇ ಹಾಕಿಸಿರಿ. ಟ್ರ್ಯಾಕ್ಟರಿಗೆ ತಂದದ್ದು ಉಳಿದಿದೆಯೆಂದು ಕಾರಿಗೆ ಸುರಿಯಬೇಡಿರಿ. ಧೂಳಿನಲ್ಲಿ ಓಡುವ ಕಾರಿಗೆ ಆಯಿಲನ್ನು ಹೇಳಿದ ಅವಧಿಗಿಂತ ಮೊದಲೇ ಬದಲಿಸುವದು ಹಿತ. ಇಳಿಜಾರಿನಲ್ಲಿ ಬರೇ ಗೇರಿನ ಮೇಲೆ ಕಾರು ನಿಲ್ಲಿಸಬೇಡಿರಿ. ಕಾರು ಜಗ್ಗಿ ಎಂಜಿನ್ನು ಹಿಂದಕ್ಕೆ ತಿರುಗಿದರೆ ಸಡಿಲಾದ ಚೈನು ಹಲ್ಲು ಜಿಗಿಯುವ ಭಯವಿದೆ. ಹ್ಯಾಂಡ್ ಬ್ರೇಕು ಎಳೆದು ಗಾಲಿಗೆ ಕಲ್ಲು ಕೊಡಿರಿ. ಬ್ಯಾಟರಿ ಸತ್ತ ಕಾರನ್ನು ನೂಕಿ ಗೇರಿಗೆ ಹಾಕಿ ಜರ್ಕು ಕೊಟ್ಟು ಚಾಲೂ ಮಾಡುವ ರೂಢಿಯನ್ನೂ ಬಿಡಿರಿ.

ಹಳೆಯ ಕಾರು ಕೊಳ್ಳುವವರಿಗೆ ಒಂದು ಮಾತು. ಮುಂಜಾನೆ ತಿಳಿಸದೆ ಹೋಗಿ ಬಾನೆಟ್ ಮುಟ್ಟಿ ನೋಡಿರಿ. ತಣ್ಣಗಿದ್ದರೆ ನಿಮ್ಮೆದುರೇ ಚಾಲೂ ಮಾಡಿಸಿ ಕಿವಿಗೊಟ್ಟು ಕೇಳಿರಿ. ಮೊದಲೇ ಬಿಸಿಯಾಗಿದ್ದರೆ ಕೊಳ್ಳುವ ಮಾತನ್ನು ಮರುದಿನಕ್ಕೆ ಇಡಿರಿ. ಎತ್ತು ಕೊಳ್ಳುವಾಗ ಹಲ್ಲು ನೋಡದೆ ನಾವು ರೊಕ್ಕ ಎಣಿಸುವದಿಲ್ಲ. ಕಾರಿಗೂ ಅದೇ ನ್ಯಾಯ.

ಒಂದು ಡಬ್ಬಿ ಆಯಿಲಿನ ರೊಕ್ಕ ಉಳಿಸಲು ಹೋಗಿ ಎಂಜಿನ್ನನ್ನೇ ಕಳೆದುಕೊಳ್ಳಬಾರದು. ನಾಳೆ ಮುಂಜಾನೆ ಕಾರು ಚಾಲೂ ಮಾಡುವಾಗ ಅರ್ಧ ಮಿನಿಟು ಸುಮ್ಮನೆ ನಿಂತು ಕೇಳಿರಿ. ಸಪ್ಪಳವಿದ್ದರೆ ಮಿಸ್ತ್ರಿಗೆ ತೋರಿಸುವವರೆಗೆ ದೂರದ ದಾರಿ ಹಿಡಿಯಬೇಡಿರಿ.