ಕೆಂಪೂ ಇಲ್ಲ, ನೀಲಿಯೂ ಇಲ್ಲ

ತುಮಕೂರಿನವರಿಗೆ ಮರಳೂರು ಎಂದರೆ ಸಿದ್ಧಾರ್ಥ ಎಂಜಿನಿಯರಿಂಗ್ ಕಾಲೇಜು. ಎಚ್.ಎಂ. ಗಂಗಾಧರಯ್ಯನವರು ಕಟ್ಟಿದ ಅದೇ ವಿದ್ಯಾಸಂಸ್ಥೆ 1988ರಲ್ಲಿ ಅಗಳಕೋಟೆಯಲ್ಲಿ ವೈದ್ಯಕೀಯ ಕಾಲೇಜನ್ನೂ ತೆರೆಯಿತು. ಯಂತ್ರ ಬಿಚ್ಚಿ ನೋಡುವವರು ಅಲ್ಲಿ, ದೇಹ ಬಿಚ್ಚಿ ನೋಡುವವರು ಇಲ್ಲಿ. ಬಿಚ್ಚಿದ ಯಂತ್ರವನ್ನು ಮತ್ತೆ ಜೋಡಿಸಬಹುದು. ತಪ್ಪಿ ಕತ್ತರಿಸಿದ ನರ ಮಾತ್ರ ಕತ್ತರಿಸಿದ್ದೇ!

ಎಂಬಿಬಿಎಸ್ ಮೊದಲ ವರ್ಷದ ಹುಡುಗ ಹುಡುಗಿಯರಿಗೆ ಡಿಸೆಕ್ಷನ್ ಹಾಲ್‌ನಲ್ಲಿ ಮೊದಲು ಎದುರಾಗುವುದು ಹೆದರಿಕೆಯಲ್ಲ, ಶವ ಕೆಡದಂತೆ ಕಾಯುವ ಫಾರ್ಮಲಿನ್ನಿನ ಘಾಟು. ಕಣ್ಣು ಉರಿದು ನೀರು ಸುರಿಯುತ್ತದೆ. ಅನೇಕ ಕಾಲೇಜುಗಳಲ್ಲಿ ಕತ್ತಿ ಹಿಡಿಯುವ ಮೊದಲು ಆ ದೇಹಕ್ಕೆ ಗೌರವ ಸಲ್ಲಿಸಿ ಪ್ರತಿಜ್ಞೆ ಮಾಡಿಸುತ್ತಾರೆ. ಮೊದಲ ಕೊಯ್ತ ಸಾಮಾನ್ಯವಾಗಿ ಎದೆಯ ಮೇಲ್ಭಾಗದಲ್ಲಿ, ತೋಳಿನ ಪಾಠಕ್ಕೆಂದು.

ತೊಡಕು ಶುರುವಾಗುವುದು ಆಮೇಲೆ. ಪುಸ್ತಕದ ಚಿತ್ರದಲ್ಲಿ ಅಪಧಮನಿ ಕೆಂಪು, ಅಭಿಧಮನಿ ನೀಲಿ, ನರ ಹಳದಿ. ಮೇಜಿನ ಮೇಲಿನ ದೇಹದಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಮಾಸಲು ಬಣ್ಣ. ಆಗ ಕಣ್ಣಿಗಿಂತ ಬೆರಳೇ ವಾಸಿ. ಗೋಡೆ ದಪ್ಪಗಿದ್ದು, ಒತ್ತಿದರೂ ದುಂಡಗೇ ಉಳಿಯುವುದು ಅಪಧಮನಿ. ಚಪ್ಪಟೆಯಾಗಿ ಕುಸಿದದ್ದು ಅಭಿಧಮನಿ. ಒಳಗೆ ಟೊಳ್ಳಿಲ್ಲದೆ, ಹೊಸೆದ ಹುರಿಯಂತೆ ಸಿಗುವುದು ನರ. ಇದನ್ನು ಯಾವ ಮೇಷ್ಟರೂ ಹಲಗೆಯ ಮೇಲೆ ಬರೆದು ಕಲಿಸಲಾರರು.

ಇನ್ನೊಂದು ಪಾಠವೂ ಅಲ್ಲೇ ಆಗುತ್ತದೆ: ಪುಸ್ತಕದಲ್ಲಿರುವುದು ಒಂದೇ ದೇಹ, ಮೇಜು ಮೇಜಿಗೂ ದೇಹ ಬೇರೆ. ನಂಬಿಕೆ ಬಾರದಿದ್ದರೆ ಈಗಲೇ ಹೆಬ್ಬೆರಳನ್ನೂ ಕಿರುಬೆರಳನ್ನೂ ತಾಗಿಸಿ, ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿ. ನಡುವೆ ಹುರಿಯೊಂದು ಎದ್ದು ನಿಂತರೆ ನಿಮಗೆ ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯು ಇದೆ. ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ, ಕೆಲವರಿಗೆ ಒಂದೇ ಕೈಯಲ್ಲಿರುತ್ತದೆ. ಇಲ್ಲದವರು ಗಾಬರಿಯಾಗಬೇಕಿಲ್ಲ. ಇದ್ದವರ ಕೈಯಿಂದಲೂ ಶಸ್ತ್ರವೈದ್ಯರು ಅದನ್ನು ತೆಗೆದು ಬೇರೆ ಕಡೆ ನಾಟಿ ಮಾಡುತ್ತಾರೆ, ಕೈ ಎಂದಿನಂತೆ ಕೆಲಸ ಮಾಡುತ್ತದೆ.

ಮುಟ್ಟಿ ಕಲಿಯುವ ಈ ಹಟ ಹೊಸದಲ್ಲ. ಶವವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಬಿಟ್ಟು, ಆಮೇಲೆ ಕುಂಚದಿಂದ ಮೆಲ್ಲಗೆ ಉಜ್ಜುತ್ತ ಪದರ ಪದರವಾಗಿ ನೋಡಬೇಕೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತರು ಶವಕ್ಕೆ ಕತ್ತಿ ಇಟ್ಟದ್ದು 1836ರಲ್ಲಿ.

ಶರೀರಕ್ರಿಯಾ ಪ್ರಯೋಗಾಲಯದಲ್ಲಿ ಸತ್ತ ದೇಹದ ಬದಲು ವಿದ್ಯಾರ್ಥಿಯೇ ಸಾಮಗ್ರಿ. ತನ್ನ ಬೆರಳು ತಾನೇ ಚುಚ್ಚಿಕೊಂಡು ರಕ್ತವನ್ನು ಸಾಹ್ಲಿ ಕೊಳವೆಯ ಆಮ್ಲಕ್ಕೆ ಬಿಡಬೇಕು. ಅದು ಕಂದಾದ ಮೇಲೆ ಹನಿ ಹನಿ ನೀರು ಬೆರೆಸುತ್ತ ಪಕ್ಕದ ಗಾಜಿನ ಬಣ್ಣಕ್ಕೆ ಹೊಂದಿಸಿದರೆ ಹಿಮೋಗ್ಲೋಬಿನ್ ಲೆಕ್ಕ ಸಿಗುತ್ತದೆ. ಹಿಂದಿನ ತಲೆಮಾರಿನವರು ಮಸಿ ಹಿಡಿಸಿದ ಉರುಳೆಯ ಮೇಲೆ ಕಪ್ಪೆಯ ಸ್ನಾಯುವಿನ ಕುಪ್ಪಳಿಕೆ ಬರೆಸುತ್ತಿದ್ದರು. ಈಗ ಕಪ್ಪೆಗಳು ನಿಶ್ಚಿಂತೆಯಿಂದಿವೆ.

ಇನ್ನು ಡಿಸೆಕ್ಷನ್ ಮೇಜಿನ ಮೇಲೆ ಮಲಗುವವರು ಯಾರು? ವಾರಸುದಾರರಿಲ್ಲದ ಶವಗಳು, ದಾನವಾಗಿ ಬಂದ ದೇಹಗಳು. ಬೆಳಗಾವಿಯ ಆಯುರ್ವೇದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹವನ್ನು ಮಗನೇ ವಿಚ್ಛೇದಿಸಬೇಕೆಂದು ಬರೆದಿಟ್ಟಿದ್ದರು. ಅವರು ತೀರಿಕೊಂಡ ಎರಡು ವರ್ಷದ ಮೇಲೆ, 2010ರ ನವೆಂಬರಿನಲ್ಲಿ, ಅಂಗರಚನಾಶಾಸ್ತ್ರ ಕಲಿಸುವ ಮಗ ಡಾ. ಮಹಾಂತೇಶ ರಾಮಣ್ಣವರ ವಿದ್ಯಾರ್ಥಿಗಳೆದುರು ಅಪ್ಪನ ಮಾತು ನಡೆಸಿಕೊಟ್ಟರು. ಅದನ್ನು ಓದಿದಾಗಲೆಲ್ಲ ನನಗೆ ಆ ಮಗನ ಕೈಗಳದ್ದೇ ಯೋಚನೆ.

ದೇಹದಾನದ ಪತ್ರಕ್ಕೆ ಸಹಿ ಹಾಕಿದವರು ಅದನ್ನು ಬೀರುವಿನಲ್ಲಿಟ್ಟು ಸುಮ್ಮನಾಗುವುದುಂಟು. ಕಾಲೇಜಿಗೆ ಫೋನ್ ಮಾಡಬೇಕಾದವರು ಮನೆಯವರು, ಅದೂ ಕೆಲವೇ ಗಂಟೆಗಳೊಳಗೆ. ಹೆಂಡತಿ ಮಕ್ಕಳಿಗೆ ಮೊದಲೇ ಹೇಳಿಟ್ಟಿರಬೇಕು.